ಐದು ರೊಟ್ಟಿಯ ದಿನ

ಕಾನ್‌ಸ್ಟಂಟೀನ್
28 ಸೆಪ್ಟೆಂಬರ್ 1983

ನಾದಿನಿ ಅತೀಖಾಳಿಗೆ ಅತ್ತಿಗೆ ರುಖಿಯಾಳ ಸಲಾಂ.

ನೀನೂ ಮಕ್ಕಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನನ್ನ ಮೊಣಕಾಲು ನೋವು ಹಾಗೇ ಇದೆ. ಕುಶಲ ಇಷ್ಟು ಸಾಕು, ವಿಷಯಕ್ಕೆ ಬರುತ್ತೇನೆ.

ಹೋದ ವಾರ ಸೇತುವೆ ಪಕ್ಕದ ಚಿತ್ರಮಂದಿರಕ್ಕೆ ‘ತೊಂಬತ್ತೊಂದನೆಯ ದಿನ’ ಎನ್ನುವ ಸಿನಿಮಾ ಬಂದಿದೆ. ಫ್ರೆಂಚರ ವಿರುದ್ಧ ನಡೆದ ಸ್ವಾತಂತ್ರ್ಯ ಯುದ್ಧದ ಕಾಲದ ಕಥೆ. ಗಾಯಗೊಂಡ ಗಂಡನನ್ನು ಹೆಂಡತಿ ಮನೆಯಲ್ಲಿ ಬಚ್ಚಿಡುತ್ತಾಳೆ, ಫ್ರೆಂಚ್ ಸಿಪಾಯಿಗಳು ಬಂದು ಇಬ್ಬರನ್ನೂ ಎಳೆದೊಯ್ಯುತ್ತಾರೆ. ಅವನು ತಿರುಗಿ ಬರುವುದಿಲ್ಲ. ತೊಂಬತ್ತು ದಿನ ಹಿಂಸೆ ತಿಂದ ಅವಳು ತೊಂಬತ್ತೊಂದನೆಯ ದಿನ ಜೀವಂತ ಹೊರಗೆ ಬರುತ್ತಾಳೆ. ಹೆಸರು ಬದಲಿಸಿದ್ದಾರೆ, ಊರು ಬದಲಿಸಿಲ್ಲ. ಅವನು ನಿನ್ನ ಅಣ್ಣ ಸ್ಲಿಮಾನ್, ಅವಳು ನಾನು ಎಂದು ನಮ್ಮ ಬೀದಿಯ ಬೆಕ್ಕಿಗೂ ಗೊತ್ತು.

ಒಬ್ಬೊಬ್ಬರದು ಒಂದೊಂದು ಮಾತು. ಮೇಲ್ಮನೆಯ ಝಕಿಯಾ ನಾಲ್ಕು ಸಲ ನೋಡಿ ನಾಲ್ಕು ಸಲವೂ ಅತ್ತಳಂತೆ. ಕ್ಷೌರದಂಗಡಿಯವನು, "ಇಷ್ಟು ಅಳಿಸೋದಕ್ಕೆ ನಾವು ಸ್ವಾತಂತ್ರ್ಯ ತಗೊಂಡ್ವಾ?" ಎಂದು ಗೊಣಗುತ್ತಾನೆ. ಇದು ಹೋಗಲಿ. ಸಿನಿಮಾದಲ್ಲಿ ಗಂಡ ಸಿಕ್ಕಿಬೀಳುವುದು ಹೇಗೆ ಗೊತ್ತೇ? ಮೂವರು ಹೆಂಗಸರ ಮನೆಯಿಂದ ದಿನಾ ಮೂರು ರೊಟ್ಟಿ, ಬೀದಿಯವರೆಲ್ಲ ಸುಡಿಸುವ ಭಟ್ಟಿಗೆ ಹೋಗುತ್ತವೆ. ಒಂದು ದಿನ ಹೆಂಡತಿ ಪ್ರೀತಿ ತಡೆಯಲಾರದೆ ಐದು ಕಳಿಸುತ್ತಾಳೆ. ಯಾರೋ ಒಬ್ಬ ಎಣಿಸಿ ಸುದ್ದಿ ಮುಟ್ಟಿಸುತ್ತಾನೆ. ಅಂದೇ ಮಧ್ಯಾಹ್ನ ಸಿಪಾಯಿಗಳು ಬಾಗಿಲಲ್ಲಿ.

ಹೆಂಗಸರೆಲ್ಲ ಸ್ನಾನಕ್ಕೆ ಸೇರುವ ಹಮಾಮಿನಲ್ಲಿ ನನಗೆ ಕೇಳಿಸಲೆಂದೇ ಒಬ್ಬಳು ಅಂದಳು: "ಗಂಡನ್ನ ತಿಂದಿದ್ದು ಇವಳ ರೊಟ್ಟಿ ಕಣೇ." ಮೈಮೇಲೆ ಸೋಪು ಇರುವಾಗಲೇ ಎದ್ದು ಬಂದೆ.

ನವೆಂಬರ್ ಒಂದಕ್ಕೆ ನಮ್ಮ ಬೀದಿಗೆ ಸ್ಲಿಮಾನನ ಹೆಸರಿಡುವುದೆಂದೂ, ಫಲಕದ ಬಟ್ಟೆ ನಾನೇ ಸರಿಸಬೇಕೆಂದೂ ಹಳೆಯ ಹೋರಾಟಗಾರರ ಸಮಿತಿಯವರು ಹೇಳಿದ್ದರಲ್ಲ, ಈಗ ಅವರೂ ತಲೆ ಕೆರೆದುಕೊಳ್ಳುತ್ತಿದ್ದಾರೆ. ಬೂಝೀದ್ ಸಾಹೇಬರದ್ದೇ ದೊಡ್ಡ ದನಿ. 56ರಿಂದ ಸ್ವಾತಂತ್ರ್ಯ ಬರುವ ತನಕ ಬೆಟ್ಟದಲ್ಲೇ ಹೋರಾಡಿದೆ, ಒಂದು ದಿನವೂ ಊರಿಗೆ ಇಳಿಯಲಿಲ್ಲ ಎಂದು ಎದೆ ತಟ್ಟುತ್ತಾರಲ್ಲ, ಅವರೇ. "ಹುತಾತ್ಮನ ಸಾವಿಗೆ ಕಾರಣಳಾದವಳು ಅವನ ಫಲಕ ಮುಟ್ಟಬಾರದು" ಎನ್ನುತ್ತಾರಂತೆ. ಅಕ್ಟೋಬರ್ ಮೂವತ್ತಕ್ಕೆ ನಾನು ಸಮಿತಿಯ ಮುಂದೆ ಹೋಗಿ ಉತ್ತರ ಕೊಡಬೇಕು.

ಈಗ ನನ್ನ ಪ್ರಶ್ನೆ. ಐದು ರೊಟ್ಟಿಯ ವಿಷಯ ಅವರಿಗೆ ಹೇಳಿದವರು ಯಾರು? ಮನೆಯಲ್ಲಿ ಇದ್ದವರು ನಾಲ್ವರು. ಸ್ಲಿಮಾನ್ ಹೋದ. ಅತ್ತೆ ಹೋಗಿ ಹನ್ನೆರಡು ವರ್ಷವಾಯಿತು. ಭಟ್ಟಿಯ ಲಖ್ದರ್ ಕಾಕಾ ದಿನಕ್ಕೆ ಮುನ್ನೂರು ರೊಟ್ಟಿ ಸುಡುವವನು, ಯಾರ ಮನೆಯದು ಎಷ್ಟೆಂದು ಇಪ್ಪತ್ತಾರು ವರ್ಷ ನೆನಪಿಡುತ್ತಾನೆಯೇ? ನಾನು ಬಾಯಿ ಬಿಟ್ಟಿಲ್ಲ. ಉಳಿದವರು ಯಾರೆಂದು ನೀನೇ ಲೆಕ್ಕ ಹಾಕು.

ಇನ್ನೊಂದು. ಕೊನೆಯ ದೃಶ್ಯದಲ್ಲಿ ಮುದುಕಿ ತಾಯಿ ಕೂತು ರೊಟ್ಟಿ ಮುರಿದು ತಿನ್ನುತ್ತಾಳೆ. ಸುಳ್ಳರು! ಸ್ಲಿಮಾನನನ್ನು ಒಯ್ದ ದಿನದಿಂದ ಸಾಯುವವರೆಗೆ ಹದಿನಾಲ್ಕು ವರ್ಷ ಅತ್ತೆ ರೊಟ್ಟಿ ಮುಟ್ಟಲಿಲ್ಲ. ಮಗನ ದುಃಖಕ್ಕೆ ಬಿಟ್ಟರೆಂದು ಇಡೀ ಬೀದಿಗೆ ಗೊತ್ತು.

ಬೇಗ ಉತ್ತರ ಬರಿ.

ರುಖಿಯಾ

---

ತ್ಲೆಮ್ಸೆನ್
4 ಅಕ್ಟೋಬರ್ 1983

ಪ್ರೀತಿಯ ಅತ್ತಿಗೆಗೆ,

ನಿಮ್ಮ ಪತ್ರ ಓದಿ ಎರಡು ದಿನ ಶಾಲೆಯಲ್ಲಿ ಪಾಠ ಮಾಡಲಾಗಲಿಲ್ಲ. ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚಿ, ಮರೆಯಬೇಡಿ.

ಆ ಸಿನಿಮಾ ಇಲ್ಲಿಗೂ ಬಂದಿದೆ. ಶಾಲೆಯವರೆಲ್ಲ ಒಟ್ಟಿಗೆ ಹೋಗಿದ್ದೆವು. ಚರಿತ್ರೆ ಮೇಷ್ಟರು ಇಂಥದ್ದು ಹಿಂದೆ ಬಂದಿಲ್ಲ ಎಂದರು. ಮುಖ್ಯೋಪಾಧ್ಯಾಯಿನಿಗೆ ಹಿಂಸೆಯ ದೃಶ್ಯಗಳು ಅತಿಯಾದವು. ಹೊಸದಾಗಿ ಸೇರಿದ ಹುಡುಗಿ ಮಧ್ಯದಲ್ಲಿ ನಿದ್ದೆ ಹೋಗಿ, ಎದ್ದು "ಅವನು ಸತ್ತನಾ?" ಎಂದು ಕೇಳಿದಳು. ನಮ್ಮ ಯಜಮಾನರಂತೂ, "ಆ ಹೆಂಗಸು ಅಷ್ಟು ಚೆಂದ ಕಾಣಬಾರದಿತ್ತು, ಜೈಲಿಂದ ಬಂದವಳ ಹಾಗಾ ಇದ್ದಳು?" ಎಂದರು. ನೋಡಿ, ಸಿನಿಮಾ ಎಂದರೆ ಇಷ್ಟೇ. ಯಾರಿಗೆ ಏನು ಬೇಕೋ ಅದನ್ನು ಕಾಣುತ್ತಾರೆ, ಆಮೇಲೆ ಮರೆತುಬಿಡುತ್ತಾರೆ.

ನನಗೆ ಕಂಡ ದೊಡ್ಡ ತಪ್ಪು ಬೇರೆಯೇ. ಅಮ್ಮನ ಪಾತ್ರ ಮಾಡಿದವಳಿಗೆ ಹತ್ತೂ ಬೆರಳು ಸರಿಯಾಗಿವೆ. ನಮ್ಮಮ್ಮನ ಬಲಗೈ ನಡುಬೆರಳ ಅರ್ಧ ಬೀಸುಕಲ್ಲಿಗೆ ಸಿಕ್ಕಿ ಹೋಗಿತ್ತಲ್ಲ.

ಅತ್ತಿಗೆ, ನಾನು ಯಾರಿಗೂ ಏನೂ ಹೇಳಿಲ್ಲ. ಕೇಳಿದ್ದಕ್ಕೆ ಬೇಸರವೂ ಇಲ್ಲ. ಆದರೆ ಸ್ವಾತಂತ್ರ್ಯದ ಹದಿನೈದನೇ ವರ್ಷಕ್ಕೆ ರೇಡಿಯೋದವರು ನಿಮ್ಮನ್ನು ಮಾತಾಡಿಸಿದ್ದರು. ಆಗ ನೀವೇ ಏನಾದರೂ ಅಂದಿರಬಹುದೇ? ನೆನಪು ಮಾಡಿಕೊಳ್ಳಿ.

ಮತ್ತೊಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಕೊನೆಯ ದೃಶ್ಯದಲ್ಲಿ ರೊಟ್ಟಿ ತಿನ್ನುವವಳು ತಾಯಿಯಲ್ಲ, ಪಕ್ಕದ ಮನೆಯ ಮುದುಕಿ. ಸಿನಿಮಾ ನೋಡಿದವರಿಗೆ ಅದು ತಪ್ಪುವುದಿಲ್ಲ. ನೀವು ನಿಜಕ್ಕೂ ನೋಡಿದಿರಾ? ನೋಡಿಲ್ಲದಿದ್ದರೆ ದಯವಿಟ್ಟು ನೋಡಬೇಡಿ. ಅದರಲ್ಲಿ ನಿಮಗೆ ಬೇಕಾದ್ದು ಏನೂ ಇಲ್ಲ.

ನಿಮ್ಮ ಅತೀಖಾ

---

ಕಾನ್‌ಸ್ಟಂಟೀನ್
10 ಅಕ್ಟೋಬರ್ 1983

ತ್ಲೆಮ್ಸೆನ್ನಿನ ಗೌರವಾನ್ವಿತ ಮೇಡಂ ಅವರಿಗೆ,

ತಾವು ನನ್ನ ಪತ್ರವನ್ನು ಮಕ್ಕಳ ಉತ್ತರಪತ್ರಿಕೆಯಂತೆ ತಿದ್ದಿದ್ದೀರಿ, ಸಂತೋಷ. ಹೌದು, ನಾನು ಆ ಸಿನಿಮಾ ನೋಡಿಲ್ಲ. ಝಕಿಯಾ ಹೇಳಿದ್ದನ್ನೇ ಬರೆದೆ. ಅಳುತ್ತಾ ನೋಡಿದವಳಿಗೆ ಯಾವ ಮುದುಕಿ ಯಾರೆಂದು ತಿಳಿಯಲಿಲ್ಲ ಕಾಣುತ್ತದೆ. ಆ ತೊಂಬತ್ತು ದಿನ ನಾನು ಒಳಗೇ ಇದ್ದವಳು. ಅದನ್ನು ನೋಡುವುದಕ್ಕೆ ಟಿಕೆಟ್ ಬೇರೆ ತೆಗೆಯಬೇಕೇ?

ರೇಡಿಯೋದವರ ಮುಂದೆ ನಾನು ಹಾಡು ಬಿಟ್ಟು ಬೇರೇನೂ ಹೇಳಲಿಲ್ಲ. ನನ್ನ ಮೇಲೇ ತಿರುಗಿಸುತ್ತೀರಲ್ಲ, ಆಹಾ!

ಈಗ ತಾವು ಉತ್ತರ ಕೊಡಿ. ಸಿನಿಮಾ ಮಾಡಿದ ಆಲ್ಜಿಯರ್ಸಿನ ಹೆಣ್ಣುಮಗಳು, ನಬೀಲಾ ಅಂತೆ ಅವಳ ಹೆಸರು, ಎರಡು ವರ್ಷದ ಹಿಂದೆ ತ್ಲೆಮ್ಸೆನ್ನಿಗೆ ಬಂದು ತಮ್ಮ ಮನೆಯಲ್ಲಿ ಕಾಫಿ ಕುಡಿದು ಹೋಗಿದ್ದಾಳೆ. ಲಖ್ದರ್ ಕಾಕಾನ ಮಗಳಿಗೆ ಅವಳೇ ಹೇಳಿದಳಂತೆ. "ಯಾರಿಗೂ ಏನೂ ಹೇಳಿಲ್ಲ" ಎಂದು ಬರೆಯಲು ನಾಚಿಕೆ ಆಗಲಿಲ್ಲವೇ?

ಇರಲಿ ಅತೀಖಾ, ಇಪ್ಪತ್ತಾರು ವರ್ಷ ನುಂಗಿಕೊಂಡದ್ದನ್ನು ಇವತ್ತು ಬರೆದುಬಿಡುತ್ತೇನೆ. ಸ್ಲಿಮಾನನಿಗಾಗಿ ಒಂದು ರೊಟ್ಟಿಯೂ ಹೆಚ್ಚು ಮಾಡುವ ಹಾಗಿಲ್ಲ, ನಮ್ಮ ಪಾಲಿನಲ್ಲೇ ಅವನಿಗೂ ಎಂದು ಮೊದಲ ದಿನವೇ ಮಾತಾಗಿತ್ತು. ಹತ್ತು ದಿನ ಹಾಗೇ ನಡೆಯಿತು. ಹನ್ನೊಂದನೆಯ ದಿನವೂ ನಾನು ಮೂರೇ ತಟ್ಟಿದೆ. ಭಟ್ಟಿಯಲ್ಲಿ ಬೇರೆಯವರದರ ಜೊತೆ ಬೆರೆಯದಿರಲೆಂದು, ದಿನದಂತೆ ಬೀಗದ ಕೈಯಿಂದ ನಮ್ಮ ಮನೆಯ ಗುರುತು ಒತ್ತಿದೆ. ಹಲಗೆಯ ಮೇಲೆ ಬಟ್ಟೆ ಮುಚ್ಚಿ, ಅವನ ಗಾಯ ಕಟ್ಟಲು ಮೇಲೆ ಹೋದೆ. ಇಳಿದು ಬರುವಷ್ಟರಲ್ಲಿ ನೀನು ಹಲಗೆ ಹೊತ್ತು ಭಟ್ಟಿಗೆ ಹೊರಟಾಗಿತ್ತು. ಒಳಗೆ ಕೂಡಿಹಾಕಿದ ಮೇಲೆ ಫ್ರೆಂಚ್ ಅಧಿಕಾರಿ ತೊಂಬತ್ತು ದಿನವೂ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಮೂವರಿಗೆ ಐದು ರೊಟ್ಟಿ ಏಕೆ?" ನನಗೆ ಆಗಲೇ ಅರ್ಥವಾಯಿತು, ಅಣ್ಣನ ಹಸಿವು ನೋಡಲಾರದೆ ನೀನೇ ಎರಡು ಸೇರಿಸಿದ್ದೀಯೆ ಎಂದು. ನಿನಗೆ ಆಗ ಹದಿಮೂರು ವರ್ಷ. ಅದಕ್ಕೇ ಬಾಯಿ ಬಿಡಲಿಲ್ಲ. ಹೊಡೆದಾಗಲೂ ಬಿಡಲಿಲ್ಲ.

ಈಗ ಅದೇ ಐದು ರೊಟ್ಟಿಯನ್ನು ನನ್ನ ತಲೆಗೆ ಕಟ್ಟಿಸಿ ನೀನು ತ್ಲೆಮ್ಸೆನ್ನಿನಲ್ಲಿ ಆರಾಮಾಗಿ ಕೂತಿದ್ದೀಯೆ. ಹಾಗೆಂದೇ ನನಗೆ ಅನಿಸುತ್ತಿದೆ. ಸುಳ್ಳಾದರೆ ಸುಳ್ಳೆಂದು ಹೇಳು.

ರುಖಿಯಾ

---

ತ್ಲೆಮ್ಸೆನ್
15 ಅಕ್ಟೋಬರ್ 1983

ಅತ್ತಿಗೆ,

ಹೌದು, ನಬೀಲಾ ಬಂದಿದ್ದಳು. ಮುಚ್ಚಿಟ್ಟದ್ದು ತಪ್ಪು. ಹೇಳಿದರೆ ನೀವು ಹೀಗೇ ಅಂದುಕೊಳ್ಳುತ್ತೀರೆಂಬ ಭಯ ಇತ್ತು. ಅವಳು ಬರುವಾಗಲೇ ಐದು ರೊಟ್ಟಿಯ ವಿಷಯ ತಿಳಿದುಕೊಂಡು ಬಂದಿದ್ದಳು. "ನಿಜವೇನಮ್ಮಾ?" ಎಂದು ಕೇಳಿದಳು. "ಚಿಕ್ಕವಳಿದ್ದೆ, ನೆನಪಿಲ್ಲ" ಎಂದೆ. ಮದುವೆ ಹಾಡು ಎರಡು ಬರೆದುಕೊಂಡು ಹೋದಳು. ಮಕ್ಕಳ ಮೇಲೆ ಆಣೆ, ಅಷ್ಟೇ.

ರೊಟ್ಟಿ ನಾನು ಸೇರಿಸಲಿಲ್ಲ. ಆ ದಿನ ಹಲಗೆ ಎತ್ತಿದಾಗ ಭಾರ ಅನ್ನಿಸಿತು. ಭಟ್ಟಿಯ ಬಾಗಿಲಲ್ಲಿ ಇಳಿಸಿ ಬಟ್ಟೆಯ ಅಂಚು ಎತ್ತಿದಾಗ ಐದು ಕಂಡವು. ಸರಿಯಾಗಿ ನೋಡದೆ ಗಾಬರಿಯಲ್ಲಿ ಮುಚ್ಚಿ ಮತ್ತೆ ತಲೆಗೆ ಏರಿಸಿಕೊಂಡೆ. ನೀವೇ ಸೇರಿಸಿದಿರಿ ಎಂದುಕೊಂಡೆ. ಹೌದು ಅತ್ತಿಗೆ, ನೀವು ನನ್ನ ಮೇಲೆ ಅನುಮಾನ ಪಟ್ಟ ಹಾಗೆ ನಾನೂ ನಿಮ್ಮ ಮೇಲೆ ಪಟ್ಟೆ. ಹಬ್ಬಕ್ಕೆ ಬಂದಾಗಲೆಲ್ಲ ನೀವು ಹಿಟ್ಟು ಕಲಸುವುದನ್ನು ನೋಡಲಾರದೆ ಹಿತ್ತಲಿಗೆ ಹೋಗುತ್ತಿದ್ದೆ.

ಆದರೆ ನಾನು ಮಾಡಿದ್ದೂ ಒಂದಿದೆ. ಸಾಲಿನಲ್ಲಿ ನಿಂತಾಗ ಹಿಂದಿನಿಂದ ಒಬ್ಬ ಗಂಡಸು ನಗುತ್ತಾ ಕೇಳಿದ: "ಏನೇ ಮರಿ, ಇವತ್ತು ಹಲಗೆ ಭಾರ ಇದೆ! ಮನೆಗೆ ನೆಂಟರಾ?" ತಲೆಯ ಮೇಲೆ ಹಲಗೆ ಇತ್ತು, ತಿರುಗಿ ನೋಡಲಾಗಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ: "ಹೂಂ, ಸ್ಕಿಕ್ದಾದಿಂದ ಚಿಕ್ಕಮ್ಮ ಬಂದಿದ್ದಾರೆ." ನಮಗೆ ಸ್ಕಿಕ್ದಾದಲ್ಲಿ ಯಾರೂ ಇಲ್ಲವೆಂದು ಬೀದಿಗೇ ಗೊತ್ತಿತ್ತು. ಸುಮ್ಮನಿದ್ದರೆ ಬಹುಶಃ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಣ್ಣನನ್ನು ಹಿಡಿಸಿದ್ದು ಆ ಮಾತೇ ಎಂದು ಇವತ್ತಿಗೂ ಅಂದುಕೊಳ್ಳುತ್ತೇನೆ. ಇದನ್ನು ನಬೀಲಾಗೆ ಹೇಳಿಲ್ಲ, ಗಂಡನಿಗೂ ಹೇಳಿಲ್ಲ. ಸಿನಿಮಾದಲ್ಲಿ ಇದು ಇಲ್ಲ. ಆ ಗಂಡಸನ್ನು ಬಿಟ್ಟರೆ ಈಗ ನಿಮಗೊಬ್ಬರಿಗೇ ಗೊತ್ತು.

ಬೈಯಿರಿ, ತಡೆದುಕೊಳ್ಳುತ್ತೇನೆ. ಸಿನಿಮಾ ಮಾತ್ರ ನೋಡಬೇಡಿ. ಕೈ ಮುಗಿಯುತ್ತೇನೆ.

ಅತೀಖಾ

---

ಕಾನ್‌ಸ್ಟಂಟೀನ್
21 ಅಕ್ಟೋಬರ್ 1983, ಶುಕ್ರವಾರ

ಅತೀಖಾ,

ಎರಡೆರಡು ಸಲ "ನೋಡಬೇಡಿ" ಎಂದು ಬೇಡಿಕೊಂಡ ಮೇಲೆ ನಾನು ನೋಡದೆ ಇರುತ್ತೇನೆಯೇ? ಅದರಲ್ಲಿ ನಿನ್ನ ಗುಟ್ಟು ಇನ್ನೊಂದು ಅಡಗಿದೆ, ಕೈಯಾರೆ ಹಿಡಿಯಬೇಕು ಎಂದುಕೊಂಡು ನಿನ್ನೆ ಹೆಂಗಸರ ಆಟಕ್ಕೆ ಹೋದೆ. ಕರಿ ಹೊದಿಕೆ ಮುಖದ ತನಕ ಎಳೆದುಕೊಂಡು ಹಿಂದಿನ ಸಾಲಿನಲ್ಲಿ ಕೂತೆ.

ಒಳಗೆ ಸಂತೆ. ನನ್ನ ಬಲಕ್ಕೆ ಇದ್ದವಳು ಮೊದಲಿನಿಂದಲೇ ಮೂಗು ಸೀಟಲು ಶುರು ಮಾಡಿದಳು. ಎಡಕ್ಕೆ ಇದ್ದವಳು ಕಡಲೆ ಸಿಪ್ಪೆ ಉಗಿಯುತ್ತಾ, "ಇವಳಿಗೆ ಬುದ್ಧಿ ಬೇಡ್ವಾ? ಮೂರು ರೊಟ್ಟಿ ಹಂಚ್ಕೊಂಡು ತಿನ್ನೋಕೇನಾಗಿತ್ತು?" ಎಂದಳು. ಮುಂದಿನ ಸಾಲಿನಿಂದ ಇನ್ನೊಬ್ಬಳು ತಿರುಗಿ, "ನಿನ್ನ ಗಂಡ ಹಸಿದು ಮಲಗಿದ್ರೆ ಗೊತ್ತಾಗ್ತಿತ್ತು, ಸುಮ್ನಿರೇ!" ಎಂದು ಗದರಿಸಿದಳು. ನನ್ನ ಬದುಕಿನ ಬಗ್ಗೆ ಇವರಿಬ್ಬರು ಜಗಳ ಆಡುತ್ತಿದ್ದರು, ನಾನು ನಡುವೆ ಕೂತಿದ್ದೆ. ನಗು ಬಂತು ಕಣೇ, ದೇವರಾಣೆ.

ಆಮೇಲೆ ಭಟ್ಟಿಯ ದೃಶ್ಯ. ಹಲಗೆಯ ಬಟ್ಟೆ ತೆಗೆದಾಗ ಐದು ರೊಟ್ಟಿಯನ್ನೂ ಹತ್ತಿರದಿಂದ ತೋರಿಸಿದರು. ಮೂರರ ಮೇಲೆ ಬೀಗದ ಕೈ ಗುರುತು. ಉಳಿದ ಎರಡರ ಮೇಲೆ ಬೆರಳು ಒತ್ತಿದ ಗುಳಿ, ಎರಡೆರಡೇ. ನಡುವೆ ಒಂದು ಬೆರಳಿನಷ್ಟು ಜಾಗ ಖಾಲಿ.

ಪಕ್ಕದವಳು, "ಅವಸರದಲ್ಲಿ ಒತ್ತಿದ್ದಾಳೆ ಪಾಪ" ಎಂದಳು. ಇಡೀ ಊರು ಹಾಗೇ ತಿಳಿದುಕೊಂಡಿದೆ.  ಮೂರು ಬೆರಳಿಂದ ಒತ್ತಿದರೆ ನಡುವಿನದು ಮೂಡದ ಕೈ ನಮ್ಮ ಮನೆಯಲ್ಲಿ ಒಂದೇ ಇತ್ತು. ಬೀಗದ ಕೈ ನನ್ನ ಸೊಂಟದಲ್ಲಿತ್ತು, ಅದಕ್ಕೇ ಬೆರಳಿಂದ ಒತ್ತಿದ್ದಾರೆ.

ಸಿನಿಮಾ ಮುಗಿಯುವ ತನಕ ಕೂರಲಿಲ್ಲ. ನೇರ ಭಟ್ಟಿಗೆ ಹೋದೆ. ಲಖ್ದರ್ ಕಾಕಾ ನನ್ನ ಮುಖ ನೋಡಿದ್ದೇ ರೊಟ್ಟಿ ಒಳಗಿಡುವ ಸಲಿಕೆ ಕೆಳಗಿಟ್ಟ. "ನೋಡಿದ್ಯಾ ಮಗಳೇ?" ಎಂದ. ನಬೀಲಾಗೆ ಹೇಳಿದವನು ಅವನೇ. ಸಿನಿಮಾಕ್ಕೆ ಆ ಐದು ರೊಟ್ಟಿ ತಟ್ಟಿಕೊಟ್ಟವನೂ ಅವನೇ. "ಅವತ್ತು ನನ್ನ ಸಲಿಕೆ ಮೇಲೆ ಏನು ಬಂತೋ ಹಂಗೇ ಮಾಡಿಕೊಟ್ಟೆ. ನೂರು ಮನೆ ರೊಟ್ಟಿ ನೋಡಿದೀನಿ, ಯಾವ ಕೈಯದು ಅಂತ ಕತ್ತಲಲ್ಲೂ ಹೇಳ್ತೀನಿ. ಇದು ಯಾರ ಕೈ ಅಂತ ಅವ್ರು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಅವ್ರು ನಿನ್ನ ತಲೆಗೆ ಕಟ್ತಾರೆ ಅಂತ ಗೊತ್ತಿರ್ಲಿಲ್ಲ ತಾಯಿ, ತಪ್ಪಾಯ್ತು" ಎಂದು ಅತ್ತುಬಿಟ್ಟ.

ಲಖ್ದರ್ ಕಾಕಾನಿಗೆ ನೆನಪಿರುವುದಿಲ್ಲ ಎಂದು ಬರೆದ ನನ್ನ ಕೈಗೆ ಬೆಂಕಿ ಬೀಳಲಿ. ನಿನ್ನ ಮೇಲೆ ಅಷ್ಟು ಅನುಮಾನಪಟ್ಟೆನಲ್ಲ, ಅದಕ್ಕೂ ಕ್ಷಮಿಸು.

ಅತ್ತೆ ಹದಿನಾಲ್ಕು ವರ್ಷ ರೊಟ್ಟಿ ಬಿಟ್ಟದ್ದು ದುಃಖಕ್ಕಲ್ಲ. ಒಂದೇ ಮನೆಯಲ್ಲಿದ್ದು ನನಗೆ ಹೊಳೆಯಲಿಲ್ಲ. ನೀನು ಮಾತ್ರ ಆ ಗುಳಿ ನೋಡಿದ ದಿನವೇ ತಿಳಿದುಕೊಂಡೆ. ಅದಕ್ಕೇ "ನೋಡಬೇಡಿ" ಎಂದೆ. ತಾಯಿಯನ್ನು ಕಾಯುತ್ತಿದ್ದೆ, ಹೌದಲ್ಲವೇ? ನಾನು ಹಮಾಮಿನಲ್ಲಿ ಬೈಗುಳ ತಿಂದರೂ ಪರವಾಗಿಲ್ಲ, ಅಮ್ಮನ ಹೆಸರು ಬರಬಾರದು ಎಂದುಕೊಂಡೆ ನೀನು. ಕೋಪ ಬಂದಿದೆ ನನಗೆ. ಬರೆದೇ ಹೇಳುತ್ತಿದ್ದೇನೆ.

ಇನ್ನು ಒಂಬತ್ತು ದಿನಕ್ಕೆ ಸಮಿತಿ. ಅತ್ತೆಯ ಹೆಸರು ಹೇಳಿದರೆ ನಾನು ಪಾರು.

ರುಖಿಯಾ

---

ತಂತಿ
ತ್ಲೆಮ್ಸೆನ್, 26 ಅಕ್ಟೋಬರ್ 1983

ನೀವು ಬರೆದದ್ದು ನಿಜ. ಅಮ್ಮನ ಹೆಸರು ಹೇಳಿಬಿಡಿ. ನೀವು ಹೊತ್ತದ್ದು ಸಾಕು. ಅತೀಖಾ

---

ಕಾನ್‌ಸ್ಟಂಟೀನ್
2 ನವೆಂಬರ್ 1983

ಅತೀಖಾ, ನನ್ನ ಹುಡುಗಿ,

ತಂತಿ ಬಂತು. ಆಮೇಲೆ ಪತ್ರ ಬರಲಿಲ್ಲವೆಂದು ನೀನು ಎಷ್ಟು ಒದ್ದಾಡಿದ್ದೀಯೋ. ಎಲ್ಲ ಮುಗಿಯಲಿ ಎಂದು ಕಾದೆ.

ಭಾನುವಾರ ಸಮಿತಿಯ ಕೋಣೆಗೆ ಹೋದೆ. ಆರು ಗಂಡಸರು, ಒಂದು ಮೇಜು, ಪುದೀನ ಚಹಾ. ನಿನ್ನ ತಂತಿಯನ್ನು ಎದೆಗೆ ಸಿಕ್ಕಿಸಿಕೊಂಡಿದ್ದೆ. ಹೇಳಲೇಬೇಕೆಂದು ಹೋಗಿದ್ದೆ, ನಿನಗೆ ಸುಳ್ಳು ಹೇಳುವುದಿಲ್ಲ.

ಅಧ್ಯಕ್ಷರು ಮೆತ್ತಗೆ, "ಅಕ್ಕಾ, ಸಿನಿಮಾದಲ್ಲಿ ಬಂದದ್ದು ನಿಜವೋ ಸುಳ್ಳೋ ಅಷ್ಟು ಹೇಳಿ ಸಾಕು" ಎಂದರು. ನಾನು ಬಾಯಿ ತೆರೆಯುವ ಮೊದಲೇ ಬೂಝೀದ್ ಸಾಹೇಬರು ಮೇಜು ಕುಟ್ಟಿದರು. "ಇವಳನ್ನೇನು ಕೇಳ್ತೀರಿ? ಮೂರು ಜನಕ್ಕೆ ಐದು ರೊಟ್ಟಿ ಕಳ್ಸಿದ್ದಲ್ದೆ, ಸ್ಕಿಕ್ದಾದಿಂದ ಚಿಕ್ಕಮ್ಮ ಬಂದಿದ್ದಾಳೆ ಅಂತ ಮಗು ಬಾಯಲ್ಲಿ ಸುಳ್ಳು ಬೇರೆ ಹೇಳ್ಸಿದ್ಳು!"

ಅತೀಖಾ, ಕೇಳು. ಹದಿನೈದು ದಿನದ ಹಿಂದೆ ನೀನು ಬರೆಯುವ ತನಕ ಆ ಚಿಕ್ಕಮ್ಮ ನನಗೇ ಗೊತ್ತಿರಲಿಲ್ಲ.

ನಾನು ಕೇಳಿದೆ: "ಸಾಹೇಬರೇ, ಆ ಚಿಕ್ಕಮ್ಮ ಸಿನಿಮಾದಲ್ಲಿ ಎಲ್ಲಿ ಬರ್ತಾಳೆ?"

"ಎಲ್ಲೋ ಬರ್ತಾಳೆ ಬಿಡು."

ಅಧ್ಯಕ್ಷರು, "ಇಲ್ಲವಲ್ಲ, ನಾನು ಎರಡು ಸಲ ನೋಡಿದ್ದೀನಿ" ಎಂದರು.

"ಅದು ನನ್ನ ನಾದಿನಿ ಭಟ್ಟಿಯ ಸಾಲಿನಲ್ಲಿ ಆಡಿದ ಮಾತು. ಹಿಂದೆ ನಿಂತು 'ಮನೆಗೆ ನೆಂಟರಾ' ಅಂತ ಕೇಳಿದವನಿಗೆ ಮಾತ್ರ ಹೇಳಿದ್ದು. 57ರಲ್ಲಿ. ನೀವು ಆಗ ಬೆಟ್ಟದಲ್ಲಿ ಇದ್ದಿರಲ್ಲ ಸಾಹೇಬರೇ? ಒಂದು ದಿನಾನೂ ಕೆಳಗೆ ಇಳೀಲಿಲ್ಲ ಅಂತ ನೀವೇ ಹೇಳ್ತಿದ್ರಿ."

 ಬೂಝೀದ್ ಸಾಹೇಬರು ಚಹಾ ಲೋಟ ಎತ್ತಿದರು, ಕುಡಿಯದೆ ಕೆಳಗಿಟ್ಟರು. "ಯಾರೋ ಹೇಳಿದ್ದು ಕೇಳಿದ್ದೆ" ಎಂದರು. "ಯಾರು?" ಎಂದು ಅಧ್ಯಕ್ಷರು ಕೇಳಿದರು. ಬೂಝೀದ್ ಸಾಹೇಬರು ಟೋಪಿ ತೆಗೆದುಕೊಂಡು ಎದ್ದು ಹೋದರು.

ಆಮೇಲೆ ಅಧ್ಯಕ್ಷರು ಮತ್ತೆ ಕೇಳಿದರು, ಈ ಸಲ ಇನ್ನೂ ಮೆತ್ತಗೆ: "ಆದ್ರೂ ಅಕ್ಕಾ, ಆ ಎರಡು ರೊಟ್ಟಿ ಸೇರಿಸಿದ್ದು ಯಾರು?"

ನಿನ್ನ ತಂತಿ ಎದೆಗೆ ಚುಚ್ಚುತ್ತಿತ್ತು. ಅತ್ತೆಯ ಮುಖ ಕಣ್ಣ ಮುಂದೆ ಬಂತು. ಹದಿನಾಲ್ಕು ವರ್ಷ ನಾವು ರೊಟ್ಟಿ ಮುರಿಯುವಾಗ ಎದ್ದು ಅಂಗಳಕ್ಕೆ ಹೋಗುತ್ತಿದ್ದರಲ್ಲ, ಆ ಬೆನ್ನು ಕಂಡಿತು. ನನಗೆ ಹೆಸರು ಹೇಳಲಾಗಲಿಲ್ಲ ಕಣೇ.

"ನಮ್ಮ ಮನೇಲಿ ಅವತ್ತು ನಾಲ್ಕು ಜನ ಇದ್ವಿ. ಅವರಲ್ಲಿ ಒಬ್ಬ ಗಾಯ ಆದವನು, ಇಬ್ಬರ ಹಸಿವು ಅವನಿಗೆ. ಐದು ರೊಟ್ಟಿ ಸರಿಯಾಗೇ ಇತ್ತು. ಮಾಡಿದವರು ಯಾರು ಅಂತ ನನ್ನನ್ನ ಕೇಳಬೇಡಿ. ಎಣಿಸಿದವನನ್ನ ಕೇಳಿ. ಈಗಷ್ಟೇ ಎದ್ದು ಹೋದ" ಎಂದೆ.

ನಿನ್ನೆ ಫಲಕದ ಬಟ್ಟೆ ನಾನೇ ಸರಿಸಿದೆ. ಬೂಝೀದ್ ಬರಲಿಲ್ಲ. ಅವನ ಕಡತ ತನಿಖೆಗೆಂದು ಆಲ್ಜಿಯರ್ಸಿಗೆ ಹೋಗುತ್ತದಂತೆ. ಏನಾಗುತ್ತದೋ, ನನಗೆ ನಂಬಿಕೆಯಿಲ್ಲ. ಬೀದಿಯಲ್ಲಿ ಮಾತು ನಿಂತಿಲ್ಲ. ಝಕಿಯಾ ಐದನೆಯ ಸಲ ನೋಡಿ ಬಂದು, "ಈ ಸಲ ನೀನೇ ಮಾಡಿಲ್ಲ ಅನ್ನಿಸ್ತು ರುಖಿಯಾ" ಎಂದಳು. ಹಮಾಮಿನವಳು ಇನ್ನೂ ಮುಖ ತಿರುಗಿಸುತ್ತಾಳೆ. ತಿರುಗಿಸಲಿ.

ಡಿಸೆಂಬರಿನ ರಜೆಗೆ ನೀನು ಬರಬೇಕು. ಹಿತ್ತಲಿಗೆ ಓಡಿಹೋಗಬಾರದು, ನಾನು ಹಿಟ್ಟು ಕಲಸುವಾಗ ಪಕ್ಕದಲ್ಲೇ ಕೂರಬೇಕು. ಐದು ರೊಟ್ಟಿ ತಟ್ಟೋಣ. ಮೂರಕ್ಕೆ ನಾನು ಬೀಗದ ಕೈ ಒತ್ತುತ್ತೇನೆ. ಉಳಿದ ಎರಡಕ್ಕೆ ನೀನು ಮೂರು ಬೆರಳು ಇಡು, ನಡುಬೆರಳನ್ನು ಮಡಿಸಿಕೋ. ಲಖ್ದರ್ ಕಾಕಾ ಚೆನ್ನಾಗಿ ಸುಟ್ಟುಕೊಡುತ್ತಾನೆ. ಆ ಎರಡನ್ನು ಶುಕ್ರವಾರ ಅತ್ತೆಯ ಗೋರಿಯ ಹತ್ತಿರ ತೆಗೆದುಕೊಂಡು ಹೋಗಿ, ಹಸಿದು ಬಂದವರಿಗೆ ಕೊಡೋಣ.

ನಿನ್ನ ಅತ್ತಿಗೆ
ರುಖಿಯಾ